ದುಭಾಷಿ ವೈಸರ್ : ಒಂದು ಜರ್ಮನ್ ಕೃಷಿಕಕುಟುಂಬದ ಚರಿತ್ರೆ

ದೇಶಾಂತರ ಹೋದ ಒಕ್ಕಲುಮಕ್ಕಳ ಚರಿತ್ರೆಯನ್ನು ನಿರೂಪಿಸುವವರಿಗೆ ಮೊದಲು ಅಡ್ಡಬರುವ ತೊಡಕು ಸಾಧನಗಳ ಅಭಾವ. ಅರಸರಿಗೆ ಶಾಸನಗಳುಂಟು, ಕವಿಗಳಿಗೆ ಗ್ರಂಥಗಳ ಆದ್ಯಂತಪದ್ಯಗಳುಂಟು, ನೇಗಿಲು ಹಿಡಿದವನಾದರೋ ತನ್ನ ಹೆಸರನ್ನು ಕಂದಾಯದ ಲೆಕ್ಕದಲ್ಲಿ ಮಾತ್ರ ಬಿಟ್ಟುಹೋಗುತ್ತಾನೆ. 1709ರಲ್ಲಿ ಜರ್ಮನಿಯನ್ನು ತೊರೆದು ಅಮೆರಿಕಾ ಖಂಡಕ್ಕೆ ಹೋದ ಸಾವಿರಾರು ಕೃಷಿಕರಲ್ಲಿ ಹೆಚ್ಚಿನವರ ಗತಿ ಇದೇ. ಕೊನ್ರಾಡ್ ವೈಸರ್ ಎಂಬವನು ಇದಕ್ಕೆ ಅಪವಾದ. ತನ್ನ ಮಕ್ಕಳಿಗಾಗಿ ಅವನು ಜರ್ಮನ್ ಭಾಷೆಯಲ್ಲಿ ಸಂಕ್ಷೇಪವಾದ ಒಂದು ಆತ್ಮವೃತ್ತಾಂತವನ್ನು ಬರೆದಿಟ್ಟನು. ಇದಲ್ಲದೆ ಅವನ ಪ್ರಯಾಣದ ದಿನಚರಿಗಳೂ ಪತ್ರಗಳೂ ಪೆನ್ಸಿಲ್ವೇನಿಯ ಪ್ರಾಂತದ ಸಭಾಲೇಖಗಳೂ ಉಪಲಬ್ಧವಾಗಿವೆ. ಇವುಗಳ ಬಲದಿಂದ ಒಂದು ಕೃಷಿಕಕುಟುಂಬದ ನಾಲ್ಕು ತಲೆಮಾರುಗಳ ವೃತ್ತಾಂತವನ್ನು ಸಾಕಷ್ಟು ವಿಶದವಾಗಿ ತಿಳಿಯಬಹುದು.

ಪೆನ್ಸಿಲ್ವೇನಿಯದ ಚರಿತ್ರಕಾರರು ಬಹುಕಾಲದಿಂದ ವೈಸರನನ್ನು ಶಾಂತಿದೂತನೆಂದು ಕೊಂಡಾಡುತ್ತ ಬಂದಿದ್ದಾರೆ. ಆ ಪ್ರಶಂಸೆ ನಿರಾಧಾರವಾದುದಲ್ಲ. ಆದರೆ ಅವನ ಬಾಳಿನ ಘಟನೆಗಳನ್ನು ಕ್ರಮವಾಗಿ ಜೋಡಿಸಿ ನೋಡಿದರೆ ಅವೆಲ್ಲವನ್ನೂ ಪೋಣಿಸಿರುವ ದಾರ ಶಾಂತಿಯಲ್ಲ, ಭೂಮಿ ಎಂಬುದು ವಿದಿತವಾಗುತ್ತದೆ. ತಂದೆಯು ತಾನು ಸಾಗುವಳಿ ಮಾಡಿದ ನೆಲವನ್ನು ಪತ್ರವಿಲ್ಲದ ಕಾರಣದಿಂದ ಕಳೆದುಕೊಂಡನು. ಮಗನು ಅನ್ಯರ ನೆಲವು ಪತ್ರಕ್ಕೆ ಏರುವಾಗ ಅವರ ಮಾತನ್ನು ಭಾಷಾಂತರಿಸುವವನಾದನು. ಈ ವಿಪರ್ಯಾಸವನ್ನು ಬಿಟ್ಟು ಅವನ ಚರಿತ್ರೆಯನ್ನು ಹೇಳುವುದು ಅರ್ಧವನ್ನು ಹೇಳಿದಂತೆ.

ಕೊನ್ರಾಡನು ಜನಿಸಿದುದು 1696ನೆಯ ನವೆಂಬರ್ 2ರಂದು, ವುರ್ಟೆಂಬರ್ಗ್ ಸೀಮೆಯ ಆಫ್‌ಷ್ಟೆಟ್ ಎಂಬ ಗ್ರಾಮದಲ್ಲಿ. (1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗನ ಜನ್ಮಭೂಮಿಯೂ ಈ ವುರ್ಟೆಂಬರ್ಗೇ ಎಂಬುದು ಕನ್ನಡಿಗರಿಗೆ ಸ್ಮರಣೀಯ.) ತಂದೆಯ ಹೆಸರು ಯೋಹಾನ್ ಕೊನ್ರಾಡ್ ವೈಸರ್, ಅವನು ಕೆಲಕಾಲ ಆ ಸೀಮೆಯ ಕುದುರೆಸೈನ್ಯದಲ್ಲಿದ್ದು, ತರುವಾಯ ಪೂರ್ವಿಕರ ಊರಾದ ಗ್ರೋಸ್ ಆಸ್ಪಾಖಿನಲ್ಲಿ ನೆಲೆಸಿದನು. ಮನೆ, ಹೊಲ, ಹುಲ್ಲುಗಾವಲು, ದ್ರಾಕ್ಷಿಯ ತೋಟ ಇವೆಲ್ಲ ಅವನಿಗಿದ್ದುವು. ಆದುದರಿಂದ ಅವನು ಕೇವಲ ದಾರಿದ್ರ್ಯದಿಂದ ಓಡಿಹೋದವನೆಂದು ಹೇಳಲಾಗುವುದಿಲ್ಲ. ಆದರೆ ರೈನ್ ನದಿಯ ಎರಡು ದಡಗಳ ಸೀಮೆಗಳು ಒಂದು ತಲೆಮಾರಿನ ಕಾಲ ಫ್ರೆಂಚ್ ಸೇನೆಗಳ ದಾಳಿಯಿಂದ ನೊಂದಿದ್ದುವು. ಸ್ಪೇನಿನ ಸಿಂಹಾಸನಕ್ಕಾಗಿ ನಡೆದ ಯುದ್ಧವಿನ್ನೂ ಮುಗಿದಿರಲಿಲ್ಲ. 1708-09ರ ಚಳಿಗಾಲವು ಅಸಾಧಾರಣ ಕ್ರೂರವಾಗಿ ದ್ರಾಕ್ಷಿಯ ಬಳ್ಳಿಗಳೂ ಫಲವೃಕ್ಷಗಳೂ ಸತ್ತುಹೋದುವು. ಅದೇ ವರ್ಷದ ಮೇ ತಿಂಗಳಲ್ಲಿ ಗರ್ಭಿಣಿಯಾಗಿದ್ದ ತಾಯಿ ಅನ್ನ ಮಗ್ದಲೇನೆ ಜ್ವರದಿಂದ ತೀರಿಕೊಂಡಳು. ಇಂಗ್ಲೆಂಡಿನ ಆನ್ ರಾಣಿಯು ಅಮೆರಿಕಾದಲ್ಲಿ ಪುಕ್ಕಟೆಯಾಗಿ ಭೂಮಿಯನ್ನು ಕೊಡುತ್ತಾಳೆಂಬ ವದಂತಿಯು ಊರೂರುಗಳಲ್ಲಿ ಹಬ್ಬಿತ್ತು. ಪತ್ನಿಯು ಸತ್ತು ಎರಡು ತಿಂಗಳು ತುಂಬುವುದರೊಳಗೆ ಹಿರಿಯ ವೈಸರನು ಮದುವೆಯಾಗಿದ್ದ ಹಿರಿಯ ಮಗಳಿಗೆ ಮನೆಮಾರುಗಳನ್ನು ಬಿಟ್ಟು, ಮಿಕ್ಕ ಎಂಟು ಮಕ್ಕಳನ್ನು ಕರೆದುಕೊಂಡು ಹೊರಟನು. ಕೊನ್ರಾಡನಿಗೆ ಆಗ ಹನ್ನೆರಡು ವರ್ಷ.

ಆ ಬೇಸಗೆಯಲ್ಲಿ ಲಂಡನ್ನಿಗೆ ಬಂದು ಬಿದ್ದ ಜರ್ಮನರ ಸಂಖ್ಯೆ ಸುಮಾರು 13,000. ಇವರಲ್ಲಿ ಬಹುಮಂದಿ ಪಾಲಟಿನೇಟ್ ಸೀಮೆಯವರಾದುದರಿಂದ ಎಲ್ಲರಿಗೂ ‘ಪಾಲಟೈನರು’ ಎಂಬ ಹೆಸರೇ ರೂಢವಾಯಿತು. ನಗರದ ಹೊರಗಣ ಬಯಲುಗಳಲ್ಲಿ ಗುಡಾರಗಳನ್ನು ಹಾಕಿ ಅವರನ್ನು ಇಳಿಸಿದರು. ಕೆಲವರನ್ನು ಐರ್ಲೆಂಡಿಗೂ ಕೆಲವರನ್ನು ಕೆರೋಲಿನಕ್ಕೂ ಕಳುಹಿಸಿ, ಕೆಲವರನ್ನು ಹಿಂದಕ್ಕೆ ಅಟ್ಟಿ, ಸುಮಾರು 3,000 ಮಂದಿಯನ್ನು ನ್ಯೂಯಾರ್ಕಿಗೆ ಹೊರಡಿಸಿದರು. 1709ರ ಕೊನೆಯಲ್ಲಿ ಹಡಗನ್ನೇರಿದವರು ನ್ಯೂಯಾರ್ಕನ್ನು ಕಂಡುದು 1710ರ ಜೂನಿನಲ್ಲಿ. ಅಷ್ಟರೊಳಗೆ ಹಡಗಿನ ಜ್ವರದಿಂದ ನೂರಾರು ಜನರು ಸಮುದ್ರದ ಪಾಲಾಗಿದ್ದರು.

ಸರ್ಕಾರದ ಈ ಔದಾರ್ಯಕ್ಕೆ ಒಂದು ಪ್ರಯೋಜನದೃಷ್ಟಿ ಇದ್ದಿತು. ಬ್ರಿಟಿಷ್ ನೌಕಾಬಲಕ್ಕೆ ಬೇಕಾದ ಕೀಲೆಣ್ಣೆ ರಾಳಗಳು ಬಾಲ್ಟಿಕ್ ಸಮುದ್ರದ ದೇಶಗಳಿಂದ ಬರಬೇಕಾಗಿದ್ದುವು. ಈ ಜರ್ಮನರು ಹಡ್ಸನ್ ನದಿಯ ದಡದಲ್ಲಿ ಪೀತದಾರು ಮರಗಳಿಂದ ಅವನ್ನು ತೆಗೆದು ತಮ್ಮ ಪ್ರಯಾಣವ್ಯಯವನ್ನೂ ಆಹಾರವ್ಯಯವನ್ನೂ ತೀರಿಸಬೇಕು. ಅನಂತರ ತಲೆಗೆ ನಲವತ್ತು ಎಕರೆಯಂತೆ ಭೂಮಿಯನ್ನು ಪಡೆಯಬೇಕು. ಇದು ಕರಾರು. ಗವರ್ನರ್ ರಾಬರ್ಟ್ ಹಂಟರನು ಇದಕ್ಕಾಗಿ ಲಿವಿಂಗ್‌ಸ್ಟನ್ ಎಂಬ ಜಮೀನ್ದಾರನಿಂದ 6,000 ಎಕರೆ ನೆಲವನ್ನು ಕೊಂಡನು. ಅಲ್ಲಿ ಬೆಳೆದಿದ್ದುದು ರಾಳ ಹೆಚ್ಚಾಗಿ ಒಸರುವ ಜಾತಿಯ ಮರವಲ್ಲ. ಕೆಲಸಗಾರರೋ ದ್ರಾಕ್ಷಿ ಗೋದಿಗಳನ್ನು ಬೆಳೆಯಬಲ್ಲವರೇ ಹೊರತು ರಾಳ ಬೇಯಿಸಬಲ್ಲವರಲ್ಲ. ಲಂಡನ್ನಿನಲ್ಲಿ ಮಂತ್ರಿಮಂಡಲವು ಬದಲಾಯಿಸಿತು, ಹಣವು ಬರುವುದು ನಿಂತಿತು. 1712ರ ಸೆಪ್ಟೆಂಬರಿನಲ್ಲಿ ಹಂಟರನು ಇನ್ನು ಮುಂದೆ ಅನ್ನವನ್ನು ಒದಗಿಸಲಾಗುವುದಿಲ್ಲವೆಂದು ತಿಳಿಸಿಬಿಟ್ಟನು. ಚಳಿಗಾಲವು ಬಾಗಿಲಲ್ಲಿ ನಿಂತಿತ್ತು.

ಈ ಮಧ್ಯದಲ್ಲಿ ಕುಟುಂಬಗಳೇ ಒಡೆದುಹೋದುವು. ಅನಾಥರಾದವರನ್ನೂ, ತಂದೆತಾಯಿಗಳಿದ್ದ ಹಲವು ಮಕ್ಕಳನ್ನೂ ಸರ್ಕಾರವು ಪ್ರಾಂತದ ಗೃಹಸ್ಥರಲ್ಲಿ ಕರಾರಿನ ಊಳಿಗಕ್ಕೆ ಹಚ್ಚಿತು. ವೈಸರನ ಇಬ್ಬರು ಗಂಡುಮಕ್ಕಳು ಹೀಗೆ ಲಾಂಗ್ ಐಲೆಂಡಿಗೆ ಹೋದರು. ವಿಲಿಯಂ ಬ್ರಾಡ್‌ಫರ್ಡನ ಅಚ್ಚುಕೂಟಕ್ಕೆ ಸೇರಿದ ಯೋಹಾನ್ ಪೀಟರ್ ತ್ಸೆಂಗರ್ ಎಂಬ ಹುಡುಗನೂ ಈ ತಂಡದವನೇ. 1735ರಲ್ಲಿ ಗವರ್ನರನನ್ನು ಖಂಡಿಸಿ ಅಚ್ಚುಮಾಡಿದನೆಂಬ ಆರೋಪಕ್ಕೆ ಒಳಗಾಗಿ, ಪಂಚಾಯಿತರಿಂದ ನಿರ್ದೋಷಿಯೆನಿಸಿ, ಮುದ್ರಣಸ್ವಾತಂತ್ರ್ಯದ ಚರಿತ್ರೆಯಲ್ಲಿ ಅವನು ಸ್ಥಾನವನ್ನು ಪಡೆದನು.

ಕೊನ್ರಾಡನನ್ನು ತಂದೆಯು ಬೇರೊಂದು ದಿಕ್ಕಿಗೆ ಕಳುಹಿಸಿದನು. ಆಲ್ಬನಿಯ ಪಶ್ಚಿಮಕ್ಕೆ ಸ್ಕೋಹ್ಯಾರಿ ಎಂಬ ಹೊಳೆಯ ಕಣಿವೆಯಿತ್ತು; ಅದು ಮೊಹಾಕ್ ಜನರ ನೆಲ. ಆ ಜನರ ನಾಯಕರು ಲಂಡನ್ನಿನಲ್ಲಿ ಜರ್ಮನರ ದುರವಸ್ಥೆಯನ್ನು ಕಣ್ಣಾರೆ ಕಂಡು ಈ ಕಣಿವೆಯನ್ನು ಅವರಿಗಾಗಿ ರಾಣಿಗೆ ಧಾರೆಯೆರೆದರೆಂಬ ಐತಿಹ್ಯವು ವಲಸಿಗರಲ್ಲಿ ಪ್ರಬಲವಾಗಿದ್ದಿತು. ನಾಯಕರು ಲಂಡನ್ನಿಗೆ ಬಂದುದು 1710ರ ಏಪ್ರಿಲಿನಲ್ಲಿ. ನ್ಯೂಯಾರ್ಕಿಗೆ ಹೋಗತಕ್ಕವರು ಅದಕ್ಕೆ ಎಷ್ಟೋ ವಾರಗಳ ಮುಂಚೆಯೇ ಹಡಗನ್ನೇರಿ ಆಗಿತ್ತು. ಕಾಲಗಣನೆಯ ಮುಂದೆ ಈ ಐತಿಹ್ಯವು ನಿಲ್ಲುವುದಿಲ್ಲ. ಆದರೂ ಅದನ್ನು ನಂಬಿದವರು ಅದರ ಬಲದಿಂದಲೇ ಮುಂದಿನ ಹೋರಾಟವನ್ನು ನಡೆಸಿದರಾಗಿ, ಚರಿತ್ರಕಾರನು ಅದನ್ನು ಕೇವಲ ಕಟ್ಟುಕಥೆಯೆಂದು ತಳ್ಳಿಬಿಡುವಂತಿಲ್ಲ. ಸ್ಕೋಹ್ಯಾರಿಗೆ ಹೋಗಬೇಕಾದರೆ ಮೊಹಾಕರ ಭಾಷೆಯನ್ನು ಬಲ್ಲವನೊಬ್ಬನು ಬೇಕಾಗಿದ್ದನು. 1712ರ ನವೆಂಬರಿನ ಕೊನೆಯಲ್ಲಿ, ತನ್ನ ಮನೆಗೆ ಬಂದಿದ್ದ ಮೊಹಾಕ್ ನಾಯಕನೊಬ್ಬನ ಸಂಗಡ ತಂದೆಯು ಹದಿನಾರು ವರ್ಷದ ಮಗನನ್ನು ಕಳುಹಿಸಿದನು.

ಆ ಎಂಟು ತಿಂಗಳುಗಳ ನೆನಪನ್ನು ವೈಸರನು ಮುಪ್ಪಿನವರೆಗೂ ಮರೆಯಲಿಲ್ಲ. ಮೈಮೇಲೆ ಸಾಲದ ಬಟ್ಟೆ, ಹೊರಗೆ ಹಿಮ, ಆತಿಥೇಯರಿಗೇ ಆಹಾರವಿಲ್ಲದ ದಿನಗಳು ಹಲವು. ಕುಡಿದು ಮತ್ತರಾದವರು ಕೊಲ್ಲಲು ಬಂದಾಗ ಕೋಪವಿಳಿಯುವವರೆಗೂ ಅಡಗಿಕೊಂಡಿರುತ್ತಿದ್ದನು. ಮನೆಯಲ್ಲಿ ಮಲತಾಯಿಯ ಕಾಟ, ಇಲ್ಲಿ ಹಸಿವಿನ ಕಾಟ. 1713ರ ಜುಲೈ ಕೊನೆಗೆ ಅವನು ಹಿಂದಿರುಗಿದಾಗ ಮೊಹಾಕ್ ಭಾಷೆಯ ಬಹುಭಾಗವು ಅವನಿಗೆ ಕರಗತವಾಗಿತ್ತು. ವ್ಯಾಕರಣಗ್ರಂಥವಿಲ್ಲ, ಕೋಶವಿಲ್ಲ, ಗುರುವೆಂಬುವನೂ ಇಲ್ಲ. ಕ್ರಿಯಾಪದವೊಂದರಲ್ಲೇ ಕರ್ತೃಕರ್ಮಗಳು ಅಡಕವಾಗಿ ಒಂದು ಶಬ್ದವೇ ಒಂದು ವಾಕ್ಯವಾಗುವ ಭಾಷೆಯದು. ಇದನ್ನು ಕೇವಲ ಶ್ರವಣದಿಂದ ಸಾಧಿಸಿದುದು ಸಾಮಾನ್ಯವಾದ ಮಾತಲ್ಲ.

ಜರ್ಮನರು ಸ್ಕೋಹ್ಯಾರಿಯಲ್ಲಿ ಏಳು ಹಳ್ಳಿಗಳನ್ನು ಕಟ್ಟಿದರು. ಅವುಗಳಲ್ಲೊಂದು ವೈಸರ್ಸ್‌ಡಾರ್ಫ್, ಎಂದರೆ ವೈಸರನ ಊರು. ಮೊದಲ ವರ್ಷ ಕಾಡುಗೆಣಸುಗಳನ್ನು ಅಗೆದು ತಿಂದರು. ಎಲ್ಲರಿಗೂ ಸಾಕಾಗುವಷ್ಟು ಕುದುರೆಗಳಾಗಲಿ ನೇಗಿಲುಗಳಾಗಲಿ ಇರಲಿಲ್ಲ. ಆದರೂ ನೆಲವು ಒಲಿಯಿತು. ಒಲಿದ ನೆಲಕ್ಕೆ ಪತ್ರವಿರಲಿಲ್ಲ. ಮೊಹಾಕರು ವಾಚಾ ಕೊಟ್ಟಿದ್ದರು, ಹಂಟರನು ಒಪ್ಪಲಿಲ್ಲ, ಆಲ್ಬನಿಯ ಕೆಲವು ಶ್ರೀಮಂತರಿಗೆ ಅದೇ ಭೂಮಿಯನ್ನು ಸರ್ಕಾರದ ಮುದ್ರೆಯೊಡನೆ ಬರೆದುಕೊಟ್ಟನು. ಕರ್ಣಾಟಕದ ದಾನಶಾಸನಗಳನ್ನು ಓದಿ ಅಭ್ಯಾಸವಿರುವವರಿಗೆ ಇಲ್ಲಿನ ಕೊರತೆಯು ಸುಲಭವಾಗಿ ಗೋಚರಿಸುತ್ತದೆ. ದಾತೃ, ಪ್ರತಿಗ್ರಾಹಿ, ಚತುಸ್ಸೀಮೆ, ಸಾಕ್ಷಿ ಇವು ಕಲ್ಲಿನ ಮೇಲೋ ತಾಮ್ರದ ಮೇಲೋ ಇಲ್ಲದಿದ್ದರೆ ಉತ್ತವನ ಬೆವರೊಂದೇ ಪ್ರಮಾಣವಾಗದು. ಗುತ್ತಿಗೆದಾರರಾಗಿ ಒಪ್ಪಿ, ಇಲ್ಲವೇ ಬಿಟ್ಟು ಹೊರಡಿ ಎಂಬ ಆಜ್ಞೆ ಬಂದಿತು. 1718ರಲ್ಲಿ ಹಿರಿಯ ವೈಸರನು ಇನ್ನಿಬ್ಬರೊಡನೆ ಗುಟ್ಟಾಗಿ ಲಂಡನ್ನಿಗೆ ಹೊರಟು, ದಾರಿಯಲ್ಲಿ ಕಡಲುಗಳ್ಳರಿಂದ ಸುಲಿಗೆಯಾಗಿ ಪೆಟ್ಟು ತಿಂದು, ಲಂಡನ್ನಿನಲ್ಲಿ ಸಾಲಕ್ಕಾಗಿ ಸೆರೆಮನೆಯನ್ನು ಕಂಡನು. ಸಂಗಡಿಗರಲ್ಲಿ ಒಬ್ಬನು ಹಿಂದಿರುಗುವಾಗ ಸಮುದ್ರದಲ್ಲಿಯೇ ಸತ್ತನು. 1723ರಲ್ಲಿ ಅವನು ಬರಿಗೈಯಲ್ಲಿ ಹಿಂದಿರುಗಿದನು.

ಆ ವೇಳೆಗೆ ಸ್ಕೋಹ್ಯಾರಿಯ ಕೆಲವು ಕುಟುಂಬಗಳು ಪೆನ್ಸಿಲ್ವೇನಿಯದ ಗವರ್ನರ್ ಕೀತ್ ಎಂಬವನ ಅನುಮತಿಯನ್ನು ಪಡೆದು, ಸಸ್ಕ್ವಿಹಾನ ನದಿಯಲ್ಲಿ ದೋಣಿಗಳಿಂದ ಇಳಿದು, ಟಲ್ಪೆಹಾಕನ್ ಎಂಬ ಕಣಿವೆಯನ್ನು ಸೇರಿದ್ದುವು. 1720ರಲ್ಲಿ ಅನ್ನ ಈವ ಫೆಕ್ ಎಂಬವಳನ್ನು ವಿವಾಹವಾಗಿದ್ದ ಕೊನ್ರಾಡನು 1729ರಲ್ಲಿ ಹೆಂಡತಿಮಕ್ಕಳೊಡನೆ ಅಲ್ಲಿಗೆ ಬಂದು 200 ಎಕರೆಯಲ್ಲಿ ಬೇಸಾಯಕ್ಕೆ ತೊಡಗಿದನು. ಸುಣ್ಣಕಲ್ಲಿನ ಮೇಲಣ ಫಲವತ್ತಾದ ಮಣ್ಣು. ಗೋದಿಗೆ ಹೇಳಿ ಮಾಡಿಸಿದಂತಹುದು. ಪೆನ್ಸಿಲ್ವೇನಿಯದ ಜರ್ಮನರ ಕೃಷಿಪದ್ಧತಿಯನ್ನು ಫಿಲಡೆಲ್ಫಿಯದ ವೈದ್ಯನಾದ ಬೆಂಜಮಿನ್ ರಷ್ ಎಂಬವನು 1789ರಲ್ಲಿ ವರ್ಣಿಸಿದ್ದಾನೆ. ಅವರು ಮೊದಲು ದನಕುದುರೆಗಳಿಗೆ ವಿಶಾಲವಾದ ಕೊಟ್ಟಿಗೆಯನ್ನು ಕಟ್ಟಿ, ಆಮೇಲೆ ತಮಗೆ ಒಳ್ಳೆಯ ಮನೆಯನ್ನು ಕಟ್ಟಿಕೊಳ್ಳುತ್ತಿದ್ದರು. ಕಾಡು ಕಡಿಯುವಾಗ ಮರವನ್ನು ಒಣಗಲು ಬಿಡದೆ ನೆಲವನ್ನು ಪೂರ್ತಿಯಾಗಿ ಹಸನು ಮಾಡುತ್ತಿದ್ದರು. ಅನ್ನ ಈವಳು ಹದಿನಾಲ್ಕು ಮಕ್ಕಳನ್ನು ಹೆತ್ತಳು. ಅವರಲ್ಲಿ ಏಳು ಮಂದಿ ಮಾತ್ರ ಪ್ರಾಯಕ್ಕೆ ಬಂದರು. ಗಂಡನು ವರ್ಷದಲ್ಲಿ ತಿಂಗಳುಗಟ್ಟಲೆ ಕಾಡುಮೇಡುಗಳಲ್ಲಿ ಅಲೆಯುತ್ತಿದ್ದಾಗ ಆ ಒಕ್ಕಲುತನವನ್ನು ನಡೆಸಿದವಳು ಅವಳೇ ಆಗಿರಬೇಕು. ಗಂಡನ ಹೆಸರು ಸಭಾಲೇಖಗಳ ಪುಟಪುಟದಲ್ಲಿಯೂ ಇದೆ. ಅವಳ ಹೆಸರನ್ನು ಹುಡುಕಬೇಕಾಗಿದೆ.

ಈ ಟಲ್ಪೆಹಾಕನ್ ನೆಲವಾದರೂ ನಿರ್ವಿವಾದವಾಗಿದ್ದಿತೇ? ಇಲ್ಲ. ಅದು ಲೆನಾಪಿ ಜನರದು. ಇಂಗ್ಲಿಷರು ಇವರನ್ನು ಡೆಲವೇರರೆಂದು ಕರೆದರು. ಅವರ ನಾಯಕನಾದ ಸಸೂನಾನನು 1728ರಲ್ಲಿ ಫಿಲಡೆಲ್ಫಿಯದ ಸಭೆಗೆ ಬಂದು, ಬೆಲೆ ಕೊಡದ ನೆಲದಲ್ಲಿ ಬಿಳಿಯರು ಮನೆಗಳನ್ನು ಕಟ್ಟಿದ್ದಾರೆಂಬ ಸುದ್ದಿಯನ್ನು ತಾನು ಕಣ್ಣಾರೆ ನೋಡುವವರೆಗೂ ನಂಬಲಿಲ್ಲವೆಂದು ದೂರಿಟ್ಟನು. ಕ್ರಯಪತ್ರವಾದುದು 1732ರಲ್ಲಿ. ಎಂದರೆ ವೈಸರನು ನೇಗಿಲು ಹೂಡಿದ ವರ್ಷದಲ್ಲಿ ಆ ನೆಲದ ವ್ಯಾಜ್ಯವಿನ್ನೂ ತೀರಿರಲಿಲ್ಲ. ಸ್ಕೋಹ್ಯಾರಿಯಲ್ಲಿ ತಂದೆಗೆ ಆದ ಅನ್ಯಾಯವು ಇಲ್ಲಿ ಬೇರೆಯವರ ಪಾಲಿಗೆ ಬಂದಿತ್ತು. ಅದರ ಫಲವನ್ನು ಉಂಡವರಲ್ಲಿ ಮಗನೂ ಒಬ್ಬನು.

1731ರಲ್ಲಿ ಇರಾಕ್ವಾ ಸಂಘದ ಪ್ರತಿನಿಧಿಯಾಗಿ ಸಸ್ಕ್ವಿಹಾನದ ದಡದಲ್ಲಿದ್ದ ಶಿಕೆಲಮಿ ಎಂಬ ಒನೈಡಾ ನಾಯಕನು ಫಿಲಡೆಲ್ಫಿಯಕ್ಕೆ ಹೋಗುವಾಗ ವೈಸರನನ್ನು ದುಭಾಷಿಯಾಗಿ ಕರೆದುಕೊಂಡು ಹೋದನು. ಆರು ಕುಲಗಳ ಆ ಸಂಘವು ಉತ್ತರದಲ್ಲಿ ಅತ್ಯಂತ ಪ್ರಬಲವಾದುದು. ಮೊಹಾಕರು ಅದರಲ್ಲೊಂದು ಕುಲ. ಪ್ರಾಂತದ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಲೋಗನನಿಗೆ ಇಂತಹ ಒಬ್ಬ ಮನುಷ್ಯನೇ ಬೇಕಾಗಿದ್ದನು. ಸಂಸ್ಕೃತದ ದ್ವಿಭಾಷಿ ಶಬ್ದವೇ ದುಭಾಷಿಯಾಗಿ, ಚೆನ್ನಪಟ್ಟಣದ ಕಂಪೆನಿಯ ವ್ಯವಹಾರದಲ್ಲಿ ‘ದುಬಾಶಿ’ಯಾಗಿ, ಮಾತಿಗೆ ಮಾತ್ರವಲ್ಲದೆ ವ್ಯಾಪಾರಕ್ಕೂ ಮಧ್ಯಸ್ಥನೆಂಬ ಅರ್ಥವನ್ನು ಪಡೆದುದು ಪ್ರಸಿದ್ಧವಾಗಿದೆ. ಆ ಎರಡನೆಯ ಅರ್ಥವು ವೈಸರನಿಗೂ ಚೆನ್ನಾಗಿ ಒಪ್ಪುತ್ತದೆ.

ದುಭಾಷಿಯ ಕೆಲಸವೆಂದರೆ ಶಬ್ದಕ್ಕೆ ಶಬ್ದವನ್ನು ಇಡುವುದಷ್ಟೇ ಆಗಿರಲಿಲ್ಲ. ಇರಾಕ್ವಾ ಸಭೆಗಳಿಗೆ ತಮ್ಮದೇ ಆದ ವಿಧಿಯಿದ್ದಿತು. ಮೃತರಿಗಾಗಿ ಶೋಕೋಪಚಾರವಾಗದೆ ಕಾರ್ಯಾರಂಭವಿಲ್ಲ. ಕೇಳಿದ ಮಾತಿಗೆ ಆ ದಿನವೇ ಉತ್ತರವನ್ನು ಕೊಡುವುದು ಅವಿವೇಕ. ಒಂದೊಂದು ವಿಷಯವನ್ನು ಹೇಳಿ ಮುಗಿಸಿದಾಗಲೂ ಕಡಲಚಿಪ್ಪಿನ ಮಣಿಗಳಿಂದ ನೆಯ್ದ ಪಟ್ಟಿಯೊಂದನ್ನು ಮುಂದಿಡಬೇಕು. ಅವರಿಗೆ ಆ ಪಟ್ಟಿಯೇ ಶಾಸನ. ಅದನ್ನು ಹಿಡಿದು ಪೂರ್ವದ ಮಾತನ್ನು ಪುನರುಚ್ಚರಿಸಬಲ್ಲ ವೃದ್ಧರ ಸ್ಮೃತಿಯೇ ಅದರ ಪಾಠ. ಬಿಳಿಯರಿಗಾದರೋ ಶಾಸನವೆಂದರೆ ಕಾಗದ. ಈ ಎರಡು ಪ್ರಮಾಣಗಳ ನಡುವೆ ನಿಂತವನು ವೈಸರನು. ಮಣಿಪಟ್ಟಿಯ ಮೇಲೆ ಹೇಳಿದ ಮಾತು ಕಾಗದಕ್ಕೆ ಇಳಿಯುವಾಗ ಎಷ್ಟು ಉಳಿಯಿತು, ಎಷ್ಟು ಸೇರಿತು ಎಂಬುದೇ ಆ ಶತಮಾನದ ಭೂವ್ಯವಹಾರಗಳ ಮರ್ಮ. 1744ರ ಲಾಂಕಾಸ್ಟರ್ ಒಡಂಬಡಿಕೆಯನ್ನು ಉದಾಹರಿಸಬಹುದು. ತಾವು ಬಿಟ್ಟುಕೊಟ್ಟುದು ಶೆನಂಡೋವಾ ಕಣಿವೆಯನ್ನು ಎಂದು ಇರಾಕ್ವಾಗಳು ತಿಳಿದಿದ್ದರು. ಪತ್ರದಲ್ಲಿದ್ದುದು ರಾಜನು ವರ್ಜೀನಿಯ ಪ್ರಾಂತಕ್ಕೆ ಸೇರಿಸಿದ ಮತ್ತು ಮುಂದೆ ಸೇರಿಸಬಹುದಾದ ಭೂಮಿಯೆಲ್ಲ ಎಂಬ ಅರ್ಥದ ವಾಕ್ಯ. ಅದರ ಆಧಾರದಿಂದ ವರ್ಜೀನಿಯದವರು ಓಹಾಯೋ ನದಿಯ ಸೀಮೆಯನ್ನೂ ತಮ್ಮದೆಂದರು.

ಇದಕ್ಕೂ ಗಂಭೀರವಾದುದು 1736ರ ಪ್ರಸಂಗ. ಆ ವರ್ಷ ಇರಾಕ್ವಾ ನಾಯಕರು ಸಸ್ಕ್ವಿಹಾನದ ನೆಲವನ್ನು ಪೆನ್ ವಂಶದವರಿಗೆ ಬರೆದುಕೊಟ್ಟು ಹಿಂದಿರುಗುತ್ತಿರುವಾಗ, ಲೋಗನನ ಸೂಚನೆಯಂತೆ ವೈಸರನು ಅವರಿಂದ ಇನ್ನೊಂದು ಪತ್ರಕ್ಕೆ ರುಜು ಪಡೆದನು. ಇರಾಕ್ವಾಗಳು ಎಂದೂ ವಾಸಮಾಡಿರದ, ಲೆನಾಪಿಗಳು ಬಾಳುತ್ತಿದ್ದ ಡೆಲವೇರ್ ನದೀಪ್ರಾಂತದ ಮೇಲಣ ಹಕ್ಕನ್ನೂ ಇರಾಕ್ವಾಗಳೇ ಬಿಟ್ಟುಕೊಡುವಂತೆ ಅದರಲ್ಲಿ ಬರೆದಿತ್ತು. ಮರುವರ್ಷ ಒಂದೂವರೆ ದಿನದಲ್ಲಿ ನಡೆದಷ್ಟು ನೆಲವೆಂಬ ಹಳೆಯ ಕರಾರಿನ ನೆಪದಿಂದ, ವೇಗವಾಗಿ ನಡೆಯಬಲ್ಲವರನ್ನು ಬಿಟ್ಟು, ಲೆನಾಪಿಗಳ ಸೀಮೆಯನ್ನು ಪೆನ್ ವಂಶದವರು ಅಳೆದುಕೊಂಡರು. ಆ ಕಪಟದ ನಡಿಗೆಯಲ್ಲಿ ವೈಸರನು ಪಾತ್ರಧಾರಿಯಲ್ಲ. ಆದರೆ 1742ರಲ್ಲಿ ಫಿಲಡೆಲ್ಫಿಯದ ಸಭೆಯಲ್ಲಿ ಕನಸಟೀಗೊ ಎಂಬ ಇರಾಕ್ವಾ ವಾಗ್ಮಿಯು ಲೆನಾಪಿಗಳನ್ನು ಹೆಂಗಸರೆಂದು ಹೀನಾಯವಾಗಿ ಮಾತನಾಡಿ, ಆ ನೆಲವನ್ನು ಬಿಟ್ಟು ಹೊರಡಿರೆಂದು ಆಜ್ಞಾಪಿಸಿದಾಗ ಅದನ್ನು ಇಂಗ್ಲಿಷಿಗೆ ತಿರುಗಿಸಿದವನು ಇವನೇ. ಬಿಟ್ಟು ಹೊರಡಿ ಎಂಬ ಮಾತನ್ನು ತನ್ನ ತಂದೆಯ ಕಾಲದಲ್ಲಿ ಕೇಳಿದ್ದವನು ಅದನ್ನು ಅನ್ಯರಿಗೆ ಹೇಳುವಾಗ ಏನೆಂದುಕೊಂಡನೋ, ಅವನ ಬರಹಗಳಲ್ಲಿ ಅದರ ಸುಳಿವಿಲ್ಲ.

ಹೀಗೆಂದು ಅವನನ್ನು ವಂಚಕನೆಂದು ತೀರ್ಮಾನಿಸುವುದೂ ನ್ಯಾಯವಲ್ಲ. ಇರಾಕ್ವಾಗಳಲ್ಲಿ ಅವನಿಗಿದ್ದ ಗೌರವವು ನಿಜವಾದುದು. ಅವರು ಅವನಿಗೆ ತರಚಿಯವಗನ್ ಎಂಬ ಹೆಸರನ್ನು ಕೊಟ್ಟಿದ್ದರು, ಅದಕ್ಕೆ ಆಕಾಶವನ್ನು ಹಿಡಿದಿರುವವನೆಂದು ಅರ್ಥ. 1737ರ ಫೆಬ್ರವರಿಯ ಕೊನೆಯಲ್ಲಿ, ದಕ್ಷಿಣದ ಕುಲಗಳಿಗೂ ಇರಾಕ್ವಾಗಳಿಗೂ ಆಗಲಿದ್ದ ಯುದ್ಧವನ್ನು ತಪ್ಪಿಸುವುದಕ್ಕಾಗಿ ಅವನು ಶಿಕೆಲಮಿಯೇ ಮುಂತಾದವರೊಡನೆ ಒನೊಂಡಾಗಕ್ಕೆ ಹೊರಟನು. ಹಿಮವು ಕರಗದ ಬೆಟ್ಟಗಳು, ಉಕ್ಕಿದ ಹೊಳೆಗಳು, ಬರಿದಾದ ಬುತ್ತಿ. ಒಂದು ದಿನ ನಡೆಯಲಾರದೆ, ಸಾಯುವುದೇ ಲೇಸೆಂದು ಒಂದು ಮರದ ಕೆಳಗೆ ಕುಳಿತುಬಿಟ್ಟನು. ಮುಂದೆ ಹೋಗಿದ್ದ ಶಿಕೆಲಮಿಯು ಹಿಂದಿರುಗಿ ಬಂದು ಮೌನವಾಗಿ ಸ್ವಲ್ಪ ಹೊತ್ತು ನಿಂತು, ಒಳ್ಳೆಯ ದಿನಗಳಿಗಿಂತ ಕೆಟ್ಟ ದಿನಗಳೇ ಮನುಷ್ಯನನ್ನು ದೇವರ ಸಮೀಪಕ್ಕೆ ತರುತ್ತವೆಂಬ ಅಭಿಪ್ರಾಯದ ಮಾತುಗಳನ್ನಾಡಿ ಎಬ್ಬಿಸಿದನು. ಲಜ್ಜಿತನಾಗಿ ಎದ್ದು ನಡೆದೆನೆಂದು ವೈಸರನೇ ಬರೆದಿದ್ದಾನೆ. 1743ರಲ್ಲಿ ಅದೇ ದಾರಿಯಲ್ಲಿ ಅವನೊಡನೆ ಹೋದ ಸಸ್ಯಶಾಸ್ತ್ರಜ್ಞ ಜಾನ್ ಬಾರ್ಟ್ರಮನ ಪ್ರವಾಸವೃತ್ತಾಂತವು 1751ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಈ ನಡುವೆ ವೈಸರನ ಬಾಳಿನಲ್ಲಿ ಒಂದು ವಿಚಿತ್ರವಾದ ಪ್ರಕರಣವುಂಟು. 1735ರಲ್ಲಿ ಅವನು ಎಫ್ರಟಾ ಎಂಬಲ್ಲಿ ಕೊನ್ರಾಡ್ ಬೈಸಲನು ಸ್ಥಾಪಿಸಿದ್ದ ಬ್ರಹ್ಮಚಾರಿಗಳ ಮಠವನ್ನು ಸೇರಿ, ಗಡ್ಡ ಬೆಳೆಸಿ, ‘ಏನಕ್’ ಎಂಬ ಆಶ್ರಮನಾಮವನ್ನು ಧರಿಸಿದನು. ಹಿಂದಿನ ಪಂಥದ ಪ್ರಶ್ನೋತ್ತರಗ್ರಂಥ ಮುಂತಾದ ಪುಸ್ತಕಗಳನ್ನು ಈ ಹೊಸ ಭಕ್ತರು ರಾಶಿಹಾಕಿ ಸುಟ್ಟರು. ಗ್ರಂಥವನ್ನು ಸುಡುವ ವೈರಾಗ್ಯವು ಯಾವ ದೇಶದ್ದಾದರೂ ಮೆಚ್ಚತಕ್ಕುದಲ್ಲ. ಮಠದ ನಿಯಮವು ಹಾಗಿದ್ದರೂ ಆ ಅವಧಿಯಲ್ಲಿ ಅವನಿಗೆ ಮಕ್ಕಳು ಹುಟ್ಟುವುದು ನಿಲ್ಲಲಿಲ್ಲ. 1741ರಲ್ಲಿ ಪ್ರಾಂತದ ನ್ಯಾಯಾಧಿಕಾರಿಯಾಗಿ ನೇಮಕವಾಯಿತು. 1743ರಲ್ಲಿ ಬೈಸಲನ ಅಧಿಕಾರವನ್ನು ಸಹಿಸಲಾರದೆ ಪತ್ರವನ್ನು ಬರೆದು ಮಠವನ್ನು ಬಿಟ್ಟನು.

1745ರಲ್ಲಿ ಅವನ ಮಗಳಾದ ಅನ್ನ ಮರಿಯಳನ್ನು ಹೆನ್ರಿ ಮೆಲ್ಕಿಯರ್ ಮ್ಯೂಲೆನ್‌ಬರ್ಗ್ ಎಂಬ ಲೂಥರ್ ಪಂಥದ ಪಾದ್ರಿಯು ವಿವಾಹವಾದನು. ಇವನನ್ನು ಅಮೆರಿಕಾಕ್ಕೆ ಕಳುಹಿಸಿದುದು ಹಾಲೆ ನಗರದ ಸಂಸ್ಥೆ. 1706ರಲ್ಲಿ ತರಂಗಂಬಾಡಿಗೆ ಬಂದು ತಮಿಳನ್ನು ಕಲಿತ ತ್ಸೀಗನ್‌ಬಾಲ್ಗನೂ ಅಲ್ಲಿಯೇ ಓದಿದವನು. ಮುದುಕನಾದ ಯೋಹಾನ್ ಕೊನ್ರಾಡನು ಕೊನೆಗೆ ಮಗನ ಮನೆಗೆ ಬಂದು 1746ರಲ್ಲಿ ಟಲ್ಪೆಹಾಕನಿನಲ್ಲಿ ಕಣ್ಣುಮುಚ್ಚಿದನು. ಅನ್ನ ಮರಿಯಳ ಮಕ್ಕಳಲ್ಲಿ ಪೀಟರನು ಅಮೆರಿಕಾದ ಸ್ವಾತಂತ್ರ್ಯಯುದ್ಧದಲ್ಲಿ ಸೇನಾಧಿಪತಿ. ಫ್ರೆಡರಿಕನು 1789ರಲ್ಲಿ ಕೂಡಿದ ಪ್ರತಿನಿಧಿಸಭೆಯ ಮೊದಲನೆಯ ಅಧ್ಯಕ್ಷ. ಇನ್ನೊಬ್ಬನು ಸಸ್ಯಶಾಸ್ತ್ರದಲ್ಲಿ ಹೆಸರಾದವನು.

ಬರ್ಕ್ಸ್ ಎಂಬ ಹೊಸ ಜಿಲ್ಲೆಯಾದಾಗ, 1752ರಲ್ಲಿ, ವೈಸರನು ಅಲ್ಲಿನ ಮುಖ್ಯ ನ್ಯಾಯಾಧೀಶನಾದನು; ರೆಡಿಂಗ್ ಪಟ್ಟಣದಲ್ಲಿ ಅಂಗಡಿಯನ್ನೂ ಇಟ್ಟನು. 1754ರಲ್ಲಿ ಆಲ್ಬನಿಯಲ್ಲಿ ಪೆನ್ ವಂಶದವರ ಪರವಾಗಿ ಸಸ್ಕ್ವಿಹಾನದ ಪಶ್ಚಿಮಕ್ಕೆ ಅತಿವಿಸ್ತಾರವಾದ ಭೂಮಿಯನ್ನು ಇರಾಕ್ವಾಗಳಿಂದ ಕೊಂಡುದರಲ್ಲಿಯೂ ಅವನ ಕೈಯಿದ್ದಿತು. ಮರುವರ್ಷವೇ ಫ್ರೆಂಚರೊಡನೆ ಸೇರಿದ ಲೆನಾಪಿಗಳು ಗಡಿಯ ಮೇಲೆ ಬಿದ್ದರು. 1755ರ ನವೆಂಬರಿನಲ್ಲಿ ಟಲ್ಪೆಹಾಕನಿನಲ್ಲಿಯೇ ನೆರೆಯವರ ಕೊಲೆಗಳಾದುವು. ಉದ್ರಿಕ್ತರಾದ ಜನರು ಗುಂಪುಗೂಡಿ, ಆದಿವಾಸಿಗಳ ತಲೆಯ ಚರ್ಮಕ್ಕೆ ಬಹುಮಾನವನ್ನು ಸಾರಬೇಕೆಂದು ಕೂಗಿ, ಅವರೊಡನೆ ಸ್ನೇಹದಿಂದಿದ್ದ ವೈಸರನನ್ನು ದ್ರೋಹಿಯೆಂದು ಜರೆದರು. ಐವತ್ತೊಂಬತ್ತು ವರ್ಷದ ಆ ಕೃಷಿಕನು ಕರ್ನಲನಾಗಿ ಗಡಿಯ ಕೋಟೆಗಳ ಕಾವಲಿಗೆ ನಿಂತನು.

ಯುದ್ಧವನ್ನು ತಗ್ಗಿಸಲು 1758ರ ಅಕ್ಟೋಬರಿನಲ್ಲಿ ಈಸ್ಟನ್ ಎಂಬಲ್ಲಿ ಮಹಾಸಭೆಯು ಕೂಡಿತು. ಆಲ್ಬನಿಯಲ್ಲಿ ಕೊಂಡ ಭೂಮಿಯಲ್ಲಿ ಅಲಿಗನಿ ಬೆಟ್ಟಗಳ ಪಶ್ಚಿಮಭಾಗವನ್ನು ಹಿಂದಕ್ಕೆ ಕೊಡದೆ ಶಾಂತಿಯಿಲ್ಲವೆಂಬುದು ಸ್ಪಷ್ಟವಾಯಿತು. ಪೆನ್ ವಂಶದವರ ಪರವಾಗಿ ಆ ಬಿಡುಗಡೆಯ ಪತ್ರಕ್ಕೆ ರುಜು ಹಾಕಿದವರು ಇಬ್ಬರು, ರಿಚರ್ಡ್ ಪೀಟರ್ಸ್ ಮತ್ತು ಕೊನ್ರಾಡ್ ವೈಸರ್. ಪತ್ರಗಳ ಮೂಲಕ ನೆಲವನ್ನು ತೆಗೆದುಕೊಳ್ಳುವುದರಲ್ಲಿ ಇಪ್ಪತ್ತೇಳು ವರ್ಷ ನೆರವಾದವನ ಕೈಯಿಂದ ನೆಲವನ್ನು ಹಿಂದಿರುಗಿಸುವ ಪತ್ರವೊಂದಕ್ಕೂ ಹೀಗೆ ರುಜು ಬಿದ್ದಿತು.

1760ನೆಯ ಜುಲೈ 13ರಂದು ವೈಸರನು ತನ್ನ ಹೊಲದ ಮನೆಯಲ್ಲಿ ತೀರಿಕೊಂಡನು; ಆ ಹೊಲದಲ್ಲಿಯೇ ಅವನ ಸಮಾಧಿಯಾಯಿತು. ಮರುವರ್ಷ ಈಸ್ಟನ್ನಿನಲ್ಲಿ ಮತ್ತೆ ಸಭೆ ಕೂಡಿದಾಗ ಇರಾಕ್ವಾ ವಕ್ತಾರನೊಬ್ಬನು ಎದ್ದು, ವೈಸರನಿಲ್ಲದೆ ತಾವು ಕತ್ತಲೆಯಲ್ಲಿ ಕುಳಿತಂತಾಗಿದೆ, ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ತಿಳಿಯದು ಎಂಬ ಅರ್ಥದಲ್ಲಿ ಮಾತನಾಡಿ, ಸಂಪ್ರದಾಯದಂತೆ ಮಣಿಪಟ್ಟಿಯನ್ನು ಮುಂದಿಟ್ಟನು. ಅನ್ನ ಈವಳು 1781ರವರೆಗೆ ಬದುಕಿದ್ದಳು.